ನಾಲ್ಕು ಆಟೀನು, ಅರ್ಧ ತಿರುವು

ಜಾರ್ಜಿಯಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಹಿಮ ಹೇಗಿತ್ತು ಎಂದು ಕೇಳುತ್ತಾರೆ. ಹಿಮ ಚೆನ್ನಾಗಿತ್ತು. ತೊಂದರೆ ಇದ್ದದ್ದು ನನ್ನ ಅಣ್ಣನಲ್ಲಿ.

ಪುತ್ತಿಗೆಯ ಮನೆಯಿಂದ ಬೆಳ್ತಂಗಡಿಯ ಕಾಲೇಜಿಗೆ ಪಾಠ ಮಾಡಲು ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು ನಾನು. ವೇಣೂರಿನ ದಾರಿಯ ತಿರುವುಗಳು ನನಗೆ ಬಾಯಿಪಾಠ. ಬಸ್ಸುಗಳು ಒಂದನ್ನೊಂದು ಹಿಂದೆ ಹಾಕುವಾಗ ನಾನು ನಿಶ್ಚಿಂತೆಯಿಂದ ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿರುತ್ತಿದ್ದೆ. ಈಗ ಹಾಗಲ್ಲ. ಲಾರಿಯೊಂದನ್ನು ದಾಟಲು ಬಸ್ಸು ಬಲಕ್ಕೆ ಹೊರಳಿದರೆ ಸಾಕು, ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ಹಿಡಿದಿರುತ್ತದೆ, ಬಾಯಿಂದ "ಬೇಡ" ಎಂಬ ಮಾತು ಹೊರಗೆ ಬಿದ್ದಿರುತ್ತದೆ. "ಎಂತಾಯ್ತು ಟೀಚರ್?" ಎಂದು ಕಂಡಕ್ಟರ್ ಕೇಳುತ್ತಾನೆ. ಅವನು ಟಿಕೇಟು ಹರಿದು ಕೊಡುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬಂಟ್ವಾಳ

ವಿಮಾನ ಹತ್ತುವ ಮೊದಲು ಬಂಟ್ವಾಳದ ನನ್ನ ತವರಿನ ಚಾವಡಿಗೆ ಬರಬೇಕು. ಭಾನುವಾರ ಊಟದ ನಂತರ ಅಲ್ಲಿ ಇಸ್ಪೀಟು ನಡೆಯುತ್ತದೆ. ಪಣಕ್ಕೆ ಹುಣಸೆ ಬೀಜ. ನನ್ನ ಅಣ್ಣ ಹರೀಶ ಶಾರ್ಜಾದಲ್ಲಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಒಮ್ಮೆ ರಜೆಗೆ ಬಂದವನು ಹಳೆಯ ಮೂರೆಲೆ ಆಟವನ್ನು ಬಿಡಿಸಿ ಎಲ್ಲರಿಗೂ ಪೋಕರ್ ಕಲಿಸಿದ. ಒಬ್ಬೊಬ್ಬರ ಕೈಯಲ್ಲಿ ಗುಟ್ಟಾಗಿ ಎರಡೆರಡು ಎಲೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ಬಿಡಿಸುತ್ತಾರೆ, ಮೊದಲು ಮೂರು, ಆಮೇಲೆ ಒಂದೊಂದಾಗಿ. ಒಂದೇ ಜಾತಿಯ ಐದು ಎಲೆ ಕೂಡಿದರೆ ಅದು ಕಲರ್, ದೊಡ್ಡ ಕೈ. ನಾಲ್ಕೇ ಕೂಡಿದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ಅಣ್ಣನಿಗೆ ಪ್ರೀತಿ ಈ ನಾಲ್ಕರ ಮೇಲೆ.

"ನೋಡು ಸುಮಾ, ಬರೀ ಸುಳ್ಳು ಹೇಳಿದರೆ ಸಿಕ್ಕಿಬೀಳ್ತೇವೆ," ಎಂದು ಅವನು ನನಗೆ ಪಾಠ ಮಾಡುತ್ತಾನೆ. "ಕೈಯದ್ದೂ ನಡುವಿನದ್ದೂ ಸೇರಿ ನಾಲ್ಕು ಆಟೀನು ಉಂಟು ಅಂತ ಇಟ್ಟುಕೋ. ಐದು ಉಂಟು ಅನ್ನುವ ಹಾಗೆ ಬೀಜ ದೂಡುವುದು. ಎದುರಿನವ ಹೆದರಿ ಎಲೆ ಬಿಸಾಡಿದರೆ ನಾವು ಗೆದ್ದೆವು. ಹೆದರದಿದ್ದರೂ, ಮುಂದಿನ ಎಲೆ ಆಟೀನು ಬಂದರೆ ನಮ್ಮ ಸುಳ್ಳೇ ಸತ್ಯ ಆಗ್ತದೆ. ಎರಡು ಬಾಗಿಲು."

"ಎರಡೂ ಮುಚ್ಚಿದರೆ?"

"ಬಿಗಿ ಕೈಯವರ ಎದುರು ಮುಚ್ಚುವುದಿಲ್ಲ ಮಾರಾಯ್ತಿ. ಅವರು ಬಿಸಾಡ್ತಾರೆ."

ಬಿಗಿ ಕೈ ಎಂದರೆ ನಮ್ಮ ವಾಮನ ಮಾವ, ಅಮ್ಮನ ತಮ್ಮ. ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ರಾಜನೋ ಎಕ್ಕನೋ ಜೋಡಿಯಾಗಿ ಬರುವವರೆಗೆ ಮಾವ ಒಂದು ಬೀಜವನ್ನೂ ಮುಂದೆ ಇಡುವುದಿಲ್ಲ. ಅಣ್ಣ ದೂಡಿದ ಕೂಡಲೇ ಕೈಯ ಎಲೆ ಕವುಚಿ ಹಾಕಿ ಎಲೆ-ಅಡಿಕೆಯ ತಟ್ಟೆ ಹತ್ತಿರ ಎಳೆದುಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಇನ್ನೊಂದು ಕ್ರಮ ಉಂಟು, ಅಜ್ಜನ ಕಾಲದ್ದು. ಹಿರಿಯರು ಎಲೆ ಬಿಟ್ಟುಕೊಟ್ಟರೆ, ಗೆದ್ದವನು ತನ್ನ ಎಲೆಯನ್ನು ಅವರಿಗೆ ತೋರಿಸಬೇಕು. ತೋರಿಸದೆ ಬೀಜ ಬಾಚಿಕೊಳ್ಳುವುದು ಅಗೌರವ. ಪೋಕರ್ ಬಂದ ಮೇಲೂ ಈ ಕ್ರಮ ಉಳಿಯಿತು. ಅಣ್ಣ ತನ್ನ ಎರಡು ಎಲೆಗಳನ್ನು ನಡುವಿನ ಎಲೆಗಳ ಪಕ್ಕ ಬಿಡಿಸಿ, ನಾಲ್ಕೇ ಆಟೀನು ಎಂದು ಮಾವನಿಗೆ ತೋರಿಸುತ್ತಾನೆ. ಮಾವ "ಹ್ಮ್" ಎನ್ನುತ್ತಾರೆ, ಮುಂದಿನ ಸಲವೂ ಬಿಸಾಡುತ್ತಾರೆ. ಇದರಿಂದ ಅಣ್ಣ ಕಲಿತದ್ದು, ಬಿಗಿ ಕೈಯವರಿಗೆ ತೋರಿಸಿದರೂ ಅವರು ಕಲಿಯುವುದಿಲ್ಲ ಎಂದು.

ನಾನು ಕಲಿತದ್ದು ಬೇರೆ. ಅರ್ಧ ಕೈ ಇಟ್ಟುಕೊಂಡು ಪೂರ್ತಿ ಮಾತಾಡುವಾಗ ಅಣ್ಣ ಎಡಗಿವಿಯ ತುದಿ ಹಿಡಿಯುತ್ತಾನೆ. ಅವನಿಗೇ ಅದು ಗೊತ್ತಿಲ್ಲ.

ಟಿಬಿಲಿಸಿ

ನಾನು ಕಾಲೇಜಿನ ರಜೆಯಲ್ಲಿ ಶಾರ್ಜಾಕ್ಕೆ ಹೋಗಿದ್ದೆ. ಪೆರ್ನಾಲಿನ, ಅಂದರೆ ಈದ್ ಹಬ್ಬದ, ರಜೆ ಸಿಕ್ಕಿದ್ದೇ ಅಣ್ಣ, "ಜಾರ್ಜಿಯಾಕ್ಕೆ ಹೋಗುವ" ಎಂದ. ಮಕ್ಕಳ ಪರೀಕ್ಷೆ ಎಂದು ಅತ್ತಿಗೆ ಬರಲಿಲ್ಲ. ಅಣ್ಣ ಎಂಥವನೆಂದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಜೊತೆಗೆ ಬಂದವನು ಅಶ್ರಫ್. ಬಂಟ್ವಾಳದ ಪಕ್ಕದ ಮೆಲ್ಕಾರಿನವನು, ಅಣ್ಣನ ಶಾಲೆಯ ಕಾಲದ ಗೆಳೆಯ, ಶಾರ್ಜಾದಲ್ಲಿ ಸ್ವಂತ ಅಂಗಡಿ. ಅಶ್ರಫ್ ಇಸ್ಪೀಟು ಮುಟ್ಟುವವನಲ್ಲ. "ನೋಡಲಿಕ್ಕೆ ಅಡ್ಡಿ ಇಲ್ಲ," ಎನ್ನುತ್ತಾನೆ, "ನಿಮ್ಮಣ್ಣ ಸೋಲುವುದನ್ನು ನೋಡಲಿಕ್ಕೆ."

ರಾಜಧಾನಿ ಟಿಬಿಲಿಸಿಯಲ್ಲಿ ಇಳಿದಾಗ ನನ್ನ ಚೀಲದೊಳಗೆ ಮಿಡಿ ಉಪ್ಪಿನಕಾಯಿಯ ಬಾಟಲಿ ಸೋರಿ ಸ್ವೆಟರ್ ಎಲ್ಲಾ ಕೆಂಪು. ಬೇರೆ ಸ್ವೆಟರ್ ಇರಲಿಲ್ಲ. ಆ ಊರಿನ ಬೀದಿನಾಯಿಗಳು ಸಾಧು, ಕಿವಿಗೊಂದು ಬಿಲ್ಲೆ ಚುಚ್ಚಿರುತ್ತದೆ. ಅವು ನನ್ನ ಹಿಂದೆಯೇ ಬಂದವು. ಅಶ್ರಫ್, "ಟೀಚರ್ ಹಿಂದೆ ಇಲ್ಲಿಯೂ ಮಕ್ಕಳು," ಎಂದ.

ಅಲ್ಲಿನ ಜನ ಬೀದಿಯಲ್ಲಿ ನಗುವುದಿಲ್ಲ. ಮೊದಲ ದಿನ ನನಗೆ ಬೈದ ಹಾಗೆ ಅನ್ನಿಸುತ್ತಿತ್ತು. ಔಷಧಿ ಅಂಗಡಿ ಎಲ್ಲಿ ಎಂದು ಒಬ್ಬ ಮುದುಕಿಯನ್ನು ಸನ್ನೆಯಿಂದ ಕೇಳಿದೆ. ಆಕೆ ನನ್ನ ಮಣಿಕಟ್ಟು ಹಿಡಿದು, ಎರಡು ಬೀದಿ ದಾಟಿಸಿ, ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ, ಒಂದು ಮಾತೂ ಆಡದೆ ಹೋದಳು. ಮೆಲ್ಕಾರಿನಲ್ಲಿ ದಾರಿ ಕೇಳಿದರೆ ಯಾರ ಮಗಳು, ಎಲ್ಲಿಗೆ ಕೊಟ್ಟದ್ದು, ಗಂಡ ಎಲ್ಲಿದ್ದಾನೆ ಎಂದೆಲ್ಲ ಕೇಳಿ, ನಗುನಗುತ್ತಾ ತಪ್ಪು ದಾರಿ ತೋರಿಸುವವರೂ ಸಿಗುತ್ತಾರೆ.

ಅಶ್ರಫನದ್ದು ಊಟದ ಕಷ್ಟ. ಪ್ರತಿಯೊಂದು ತಟ್ಟೆಯನ್ನೂ ಹಲಾಲೋ ಅಲ್ಲವೋ ಎಂದು ಅನುಮಾನದಿಂದ ನೋಡಿ, ಕೊನೆಗೆ ದೋಣಿಯಾಕಾರದ ಚೀಸ್ ರೊಟ್ಟಿಯ ಮೇಲೆಯೇ ದಿನ ಕಳೆದ. ಅಣ್ಣನಿಗೆ ಯಾವ ಕಷ್ಟವೂ ಇರಲಿಲ್ಲ. ಹೋಟೆಲಿನ ಕೌಂಟರಿನಲ್ಲಿ ಕಿವಿಯ ತುದಿ ಹಿಡಿದು, "ನಮ್ಮ ರೂಮಿಗೆ ಬೆಳಗಿನ ತಿಂಡಿ ಸೇರಿದೆ," ಎಂದ. ಸೇರಿರಲಿಲ್ಲ. ಹುಡುಗಿ ಕಂಪ್ಯೂಟರ್ ನೋಡದೆಯೇ "ಸರಿ" ಎಂದಳು.

"ಬಿಗಿ ಕೈ," ಎಂದು ಅಣ್ಣ ಜೇನಿನ ಬಟ್ಟಲು ಎಳೆದುಕೊಂಡ. "ಬಿಸಾಡಿದಳು ನೋಡು."

ನಾನು ಕೌಂಟರಿಗೆ ಬೆನ್ನು ಹಾಕಿ ಕುಳಿತೆ. ಸಿಕ್ಕಿಬಿದ್ದಿದ್ದರೆ ಅನ್ನಿಸುವುದು ನನಗೆ. ಗೆದ್ದೆವಲ್ಲ ಅನ್ನಿಸುವುದು ಅವನಿಗೆ. ಚಿಕ್ಕಂದಿನಿಂದಲೂ ಇದೇ ಪಾಲು.

ಕಾಜ್ಬೇಗಿ, ಬೆಳಿಗ್ಗೆ

ಬೆಟ್ಟದ ಮೇಲಿನ ಆ ಊರಿಗೆ ನಮ್ಮನ್ನು ಕರೆದುಕೊಂಡು ಹೋದವರು ಗಿವಿ ಎಂಬ ಚಾಲಕರು. ವಾಮನ ಮಾವನ ಪ್ರಾಯ, ಬಿಳಿ ಮೀಸೆ. ಹಿಮ ಬಿದ್ದು ರಸ್ತೆ ಮುಚ್ಚಿತು. ಆ ರಾತ್ರಿ ನಾವು ಎತೇರಿ ಎಂಬ ಹೆಂಗಸಿನ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆಯೇ ಅಣ್ಣ ಶಾರ್ಜಾದಲ್ಲಿ ಕೆಲಸಕ್ಕೆ ಹಾಜರಾಗಿರಬೇಕಿತ್ತು. ಶಾರ್ಜಾ ಬಿಟ್ಟು ಹೋದದ್ದನ್ನು ಆಫೀಸಿನಲ್ಲಿ ಹೇಳಿರಲಿಲ್ಲ. ಹೊಸ ಮ್ಯಾನೇಜರ್ ಮೊದಲೇ ಇವನ ಮೇಲೆ ಕಣ್ಣಿಟ್ಟಿದ್ದ. ಅಣ್ಣ ಎತೇರಿಯ ಮೆಟ್ಟಿಲಲ್ಲಿ ನಿಂತು, ಕೆಮ್ಮುತ್ತಾ, ತಾನು ಮನೆಯಲ್ಲೇ ಜ್ವರ ಬಂದು ಮಲಗಿದ್ದೇನೆ ಎಂದು ಫೋನಿನಲ್ಲಿ ಹೇಳಿದ.

"ನಾಳೆ ಬರದಿದ್ದರೆ ಆಮೇಲೆ ಬರುವುದೇ ಬೇಡ ಅಂದ," ಎಂದು ಒಳಗೆ ಬಂದು ಹೇಳಿದ. ಮುಖ ಸಣ್ಣದಾಗಿತ್ತು. "ಇವತ್ತು ರಾತ್ರಿಯ ವಿಮಾನ ಹಿಡಿಯಲೇಬೇಕು."

"ಸತ್ಯ ಹೇಳಿಬಿಡು," ಎಂದೆ.

"ಈಗ ಹೇಳಿದರೆ ಎರಡು ತಪ್ಪು ಆಗ್ತದೆ."

ರಸ್ತೆ ತೆರೆಯಲು ಕಾಯುತ್ತಾ ಎತೇರಿ ಇಸ್ಪೀಟು ತಂದಳು, ಪಣಕ್ಕೆ ಅಕ್ರೋಟು ತಂದಳು. ಗಿವಿಯೂ ಕುಳಿತರು. ಅವರು ಆಡುವುದನ್ನು ನೋಡಿ ಅಣ್ಣನಿಗೆ ನಮ್ಮ ಚಾವಡಿಗೆ ಬಂದಷ್ಟು ಸಂತೋಷ. ಗಿವಿ ತಮ್ಮ ಎರಡು ಎಲೆಗಳ ಮೂಲೆ ಎತ್ತಿ ನೋಡಿ, ಬಿಸಾಡಿ, ಚಹಾ ಕುಡಿಯುತ್ತಿದ್ದರು. ಮತ್ತೆ ನೋಡಿ ಮತ್ತೆ ಬಿಸಾಡುತ್ತಿದ್ದರು. ಎತೇರಿ ಬೇಗ ಸೋತು ಅಡುಗೆಗೆ ಎದ್ದಳು.

ಒಂದು ಆಟದಲ್ಲಿ ಮಾತ್ರ ಗಿವಿ ಎಲೆ ಇಟ್ಟುಕೊಂಡು ಅಕ್ರೋಟು ಮುಂದೆ ಇಟ್ಟರು. ಅಣ್ಣನ ಕೈಯಲ್ಲಿ ಆಟೀನಿನ ಗುಲಾಮ, ಆಟೀನಿನ ಒಂಬತ್ತು. ನಡುವೆ ಇನ್ನೆರಡು ಆಟೀನು. ನಾಲ್ಕು. ಅಣ್ಣ ಕಿವಿ ಹಿಡಿದು, ತನ್ನ ಮುಂದಿದ್ದ ರಾಶಿಯನ್ನೆಲ್ಲಾ ದೂಡಿದ. ಗಿವಿ ಬಹಳ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟರು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಎದುರಿಗೆ ಕುಳಿತವರು ಹಿರಿಯರು. ಅಣ್ಣನ ಕೈ ತಾನಾಗಿ ಎಲೆಗಳನ್ನು ಮಗುಚಿ ಅವರ ಮುಂದೆ ಇಟ್ಟಿತು, ವಾಮನ ಮಾವನಿಗೆ ಇಡುವ ಹಾಗೆಯೇ, ಸ್ವಲ್ಪ ಬಗ್ಗಿ.

ಗಿವಿ "ಹ್ಮ್" ಎನ್ನಲಿಲ್ಲ. ನಾಲ್ಕು ಆಟೀನನ್ನು ನೋಡಿದರು. ಆಮೇಲೆ ತಲೆ ಎತ್ತಿ ಅಣ್ಣನ ಕಿವಿ ನೋಡಿದರು.

"ಮಾರಾಯ, ಅದನ್ನು ಯಾಕೆ ತೋರಿಸಿದೆ?" ಎಂದು ಅಶ್ರಫ್ ಕೇಳಿದ.

"ಪ್ರಾಯ ಆದವರಲ್ವಾ?"

"ಅವರಿಗೆ ನಿಮ್ಮಜ್ಜನ ಕ್ರಮ ಗೊತ್ತುಂಟಾ? ಚುಡಾಯಿಸಿದ ಹಾಗೆ ಕಾಣುವುದಿಲ್ವಾ?"

ಕಾಜ್ಬೇಗಿ, ಊಟದ ನಂತರ

ಮಧ್ಯಾಹ್ನ ರಸ್ತೆ ತೆರೆಯಿತು. ಗಿವಿ ಹೊರಡಲು ಒಪ್ಪಲಿಲ್ಲ. ಅಂಗಳದಲ್ಲಿ ನಿಂತು ಮೇಲಿನ ಬೆಟ್ಟ ತೋರಿಸಿ, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ, ಬಿಸಿಲು ಬಿದ್ದರೆ ಹಿಮ ಇಳಿಯುತ್ತದೆ, ಲಾರಿಗಳು ಬೇರೆ ಸಾಲುಗಟ್ಟಿವೆ, ನಾಳೆ ಬೆಳಿಗ್ಗೆ ಹೋಗುವುದು ಎಂದರು. ಅಣ್ಣ ಬೇಡಿಕೊಂಡ. ಗಿವಿ ಇನ್ನೊಂದು ಲೋಟ ಚಹಾ ತರಿಸಿದರು. ಇಂಥ ಹಟವನ್ನು ನಾನು ಬಂಟ್ವಾಳದ ಕಬ್ಬಿಣದ ಅಂಗಡಿಯಲ್ಲಿ ಮಾತ್ರ ನೋಡಿದ್ದೆ.

ಆಗ ಅಣ್ಣನ ಕೈ ಕಿವಿಗೆ ಹೋಯಿತು.

"ನಮಗೆ ಬೇರೆ ಕಾರು ಸಿಕ್ಕಿದೆ," ಎಂದ. "ಲಾಶಾ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಕಾಯುತ್ತಿದ್ದಾನೆ."

ಇದು ಪೂರ್ತಿ ಸುಳ್ಳಲ್ಲ. ಆ ಊರಿನ ಅಂಗಡಿಯ ಹತ್ತಿರ ಲಾಶಾ ಎಂಬ ತರುಣನೊಬ್ಬ ಕಾರು ತೊಳೆಯುತ್ತಿದ್ದ. ಬೆಳಿಗ್ಗೆ ಅಣ್ಣ ಕೇಳಿದಾಗ "ನೋಡುವ" ಎಂದಿದ್ದ. ಬಾಡಿಗೆ ಕೈತಪ್ಪುತ್ತದೆಂದು ಗಿವಿ ತಾವೇ ಹೊರಟಾರು ಎಂಬುದು ಅಣ್ಣನ ಲೆಕ್ಕ. ನಾಲ್ಕು ಆಟೀನು.

ಗಿವಿ ಕಿವಿಯನ್ನೇ ನೋಡುತ್ತಾ, "ಒಳ್ಳೆಯದು. ಅವನ ಜೊತೆ ಹೋಗು," ಎಂದು ಒಳಗೆ ಹೋದರು.

"ಆಯ್ತಲ್ಲ," ಎಂದ ಅಶ್ರಫ್. "ಈಗ ಎಲೆ ಬಿಸಾಡು. ಹೋಗಿ ತಪ್ಪಾಯ್ತು ಅಂತ ಹೇಳು."

"ಅದು ಆಗುವುದಿಲ್ಲ. ಬಿಗಿ ಕೈಯವರು ಸುಮ್ಮನೆ ಮಾತಾಡುವುದಿಲ್ಲ. ಹೋಗು ಅಂದರೆ ಹೋಗು ಅಂತಲೇ. ಇನ್ನು ನಾಳೆಯೂ ಅವರು ನಮ್ಮನ್ನು ಹತ್ತಿಸುವುದಿಲ್ಲ."

"ಅಣ್ಣ, ಅವರು ಸಿಟ್ಟಲ್ಲಿ ಹೇಳಿದ್ದು," ಎಂದೆ.

"ನಿನಗೆ ಇಸ್ಪೀಟು ಗೊತ್ತಿಲ್ಲ ಸುಮಾ."

ಅಂಗಡಿಯ ಹತ್ತಿರ ಹೋದೆವು. ಲಾಶಾ ಒಪ್ಪದಿರಲಿ ಎಂದು ನಾನು ಪೊಳಲಿಯ ಅಮ್ಮನಿಗೆ ಹರಕೆ ಹೇಳಿಕೊಂಡೆ. ಲಾಶಾ ಬಟ್ಟೆ ಹಿಂಡಿ, ಹಿಂದಿನ ಬಾಗಿಲು ತೆರೆದು, "ಹೋಗೋಣ," ಎಂದ.

"ಬಂತು ನೋಡು," ಎಂದ ಅಣ್ಣ. "ಐದನೆಯದು."

ರಸ್ತೆ

ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುತ್ತವೆ. ಲಾಶಾನದ್ದು ಜಪಾನಿನಿಂದ ತರಿಸಿದ ಹಳೆಯ ಕಾರು, ಸ್ಟಿಯರಿಂಗ್ ನಮ್ಮ ಊರಿನ ಹಾಗೆ ಬಲಕ್ಕಿತ್ತು. ಅಲ್ಲಿ ಇಂಥ ಕಾರುಗಳು ಬೇಕಾದಷ್ಟಿವೆ. ಸ್ಟಿಯರಿಂಗ್ ನೋಡಿ ನನಗೆ ಕ್ಷಣಕಾಲ ನೆಮ್ಮದಿಯೇ ಆಯಿತು. ಊರಿನಿಂದ ಒಂದು ಮೈಲಿ ದಾಟಿದ ಮೇಲೆ ಅದರ ಅರ್ಥ ಏನೆಂದು ತಿಳಿಯಿತು. ಮುಂದಿನ ಲಾರಿಯನ್ನು ದಾಟಬೇಕಾದರೆ ಎಡಕ್ಕೆ ಹೊರಳಬೇಕು. ಬಲಗಡೆ ಕುಳಿತ ಚಾಲಕನಿಗೆ ಲಾರಿಯ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ಎದುರಿನ ರಸ್ತೆ ಕಾಣುವುದು ಎಡಗಡೆಯ ಮುಂದಿನ ಸೀಟಿನವನಿಗೆ. ಅವನು ನೋಡಿ ಹೇಳಬೇಕು, ಚಾಲಕ ನಂಬಬೇಕು.

ಎಡಗಡೆಯ ಮುಂದಿನ ಸೀಟಿನಲ್ಲಿ ನನ್ನ ಅಣ್ಣ ಕುಳಿತಿದ್ದ.

ಲಾರಿ ಅಡ್ಡ ಬಂದಾಗಲೆಲ್ಲ ಲಾಶಾ "ಹೋಗಬಹುದಾ?" ಎಂದು ಕೇಳುತ್ತಿದ್ದ. ಅಣ್ಣ ಕುತ್ತಿಗೆ ಚಾಚಿ ನೋಡಿ "ಹೋಗು" ಎನ್ನುತ್ತಿದ್ದ. ಒಂದು ಲಾರಿ ದಾಟಿದೆವು, ಇನ್ನೊಂದು ದಾಟಿದೆವು. ಅಶ್ರಫ್ ನನ್ನ ಪಕ್ಕದಲ್ಲಿ ಬಾಯಲ್ಲೇ ಪ್ರಾರ್ಥನೆ ಹೇಳುತ್ತಿದ್ದ. "ಹರೀಶ, ನಿಧಾನ ಮಾರಾಯ, ಪೂರ್ತಿ ನೋಡಿ ಹೇಳು," ಎಂದ. ಅಣ್ಣ ಗಡಿಯಾರ ನೋಡಿದ.

ಇಳಿಜಾರಿನಲ್ಲಿ ಮೂರು ಲಾರಿ ಒಂದರ ಹಿಂದೊಂದು ತೆವಳುತ್ತಿದ್ದವು. ಮುಂದೆ ತಿರುವು. ಲಾಶಾ ಕೇಳಿದ. ನಾನು ಚಾಲಕನ ಹಿಂದೆ ಕುಳಿತದ್ದರಿಂದ ನನಗೂ ರಸ್ತೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅಣ್ಣನ ಕೆನ್ನೆ, ಅವನ ಎಡಗೈ. ಆ ಕೈ ಮೇಲೆದ್ದು ಕಿವಿಯ ತುದಿ ಹಿಡಿಯಿತು.

"ಹೋಗು," ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾರು ಎಡಕ್ಕೆ ಹೊರಳಿ ಆಗಿತ್ತು. ಎರಡು ಲಾರಿ ಹಿಂದೆ ಬಿದ್ದವು. ಮೂರನೆಯದರ ಪಕ್ಕದಲ್ಲಿದ್ದಾಗ ತಿರುವಿನಿಂದ ಕಿತ್ತಳೆ ಬಣ್ಣದ ಲಾರಿಯ ಮೂತಿ ಬಂತು. ಅದರ ಹಾರ್ನ್ ಇಂದಿಗೂ ನನ್ನ ಕಿವಿಯಲ್ಲಿದೆ. ಬಲಕ್ಕೆ ಜಾಗವಿಲ್ಲ, ಹಿಂದಕ್ಕೂ ಇಲ್ಲ. ಲಾಶಾ ಇನ್ನೂ ಎಡಕ್ಕೆ ಎಳೆದ. ರಸ್ತೆಯ ಅಂಚಿನಲ್ಲಿ ರಾಶಿ ಹಾಕಿದ್ದ ಹಿಮಕ್ಕೆ ಕಾರು ನುಗ್ಗಿತು, ಏನಕ್ಕೋ ಬಡಿದು ನಿಂತಿತು. ಲಾರಿಯ ಗಾಳಿಗೆ ಕಾರು ಅಲುಗಾಡಿತು.

ಎಡಗಡೆಯ ಕಿಟಕಿಗಳಲ್ಲಿ ಆಕಾಶ ಮಾತ್ರ ಇತ್ತು. ಅಣ್ಣ ಬಾಗಿಲ ಹಿಡಿಗೆ ಕೈ ಹಾಕಿದ್ದ. ಅಶ್ರಫ್ ಹಿಂದಿನಿಂದ ಅವನ ಕಾಲರ್ ಹಿಡಿದು, "ಅಲ್ಲಾಡಬೇಡ. ಆ ಕಡೆ ನೆಲ ಇಲ್ಲ," ಎಂದ. ಅಷ್ಟು ಮೆಲ್ಲನೆಯ ದನಿ ಅಶ್ರಫನಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರಾಗಿ ಬಲಗಡೆಯಿಂದ ತೆವಳಿ ಹೊರಗೆ ಬಂದೆವು. ನಮ್ಮನ್ನು ತಡೆದದ್ದು ರಸ್ತೆ ಬದಿಯ ಒಂದು ಕಲ್ಲುಕಂಬ. ಅದು ಬಾಗಿತ್ತು.

ಸುರಂಗ

ಹಿಮ ಕುಸಿದರೆ ವಾಹನಗಳಿಗೆ ಆಸರೆಯಾಗಲೆಂದು ಅಲ್ಲಲ್ಲಿ ಸಿಮೆಂಟಿನ ಸುರಂಗ ಕಟ್ಟಿದ್ದಾರೆ. ಕಾರನ್ನು ಎಳೆಸಲೆಂದು ಲಾಶಾ ಅದರ ಹತ್ತಿರವೇ ಉಳಿದ. ನಾವು ಹತ್ತಿರದ ಸುರಂಗಕ್ಕೆ ನಡೆದು ಹೋಗಿ ಗೋಡೆಗೆ ಒರಗಿ ಕುಳಿತೆವು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಬಂಟ್ವಾಳದ ಲಾರಿಗಳು ಮರಳು ಸುರಿಯುವಂಥ ಸದ್ದಾಯಿತು. ಗಿವಿ ಹೇಳಿದ ಹಿಮ. ಇಳಿದು, ನಿಂತಿತು.

"ನೀನು ಏನು ನೋಡಿದ್ದು?" ಎಂದು ಕೇಳಿದೆ.

ಅಣ್ಣ ಮೊಣಕಾಲು ತಬ್ಬಿಕೊಂಡು ನಡುಗುತ್ತಿದ್ದ. "ತಿರುವು."

"ಪೂರ್ತಿ?"

"ಅರ್ಧ," ಎಂದ. "ಅರ್ಧದಲ್ಲಿ ಯಾರೂ ಇರಲಿಲ್ಲ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಮ್ಯಾನೇಜರ್. ಅಣ್ಣ ಮಾತಾಡಲು ಹೋಗಿ ಕೆಮ್ಮಿದ. ಹಲ್ಲು ಕಟಕಟ ಎನ್ನುತ್ತಿದ್ದದ್ದರಿಂದ ಮಾತೇ ಹೊರಡಲಿಲ್ಲ. ಅಶ್ರಫ್ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿ, ಹಣೆ ಮುಟ್ಟಿ ನೋಡಿ, "ಇದು ಅಸಲಿ ಜ್ವರ," ಎಂದ.

ಅಷ್ಟು ಹೊತ್ತಿಗೆ ಸುರಂಗದ ಬಾಯಲ್ಲಿ ಒಂದು ವ್ಯಾನ್ ನಿಂತಿತು. ಗಿವಿ ಇಳಿದು ಬಂದರು. ಬಿಸಿಲಿನಲ್ಲಿ ಆ ರಸ್ತೆಗೆ ಇಳಿಯುವುದಿಲ್ಲ ಎಂದವರು ಅದೇ ಬಿಸಿಲಿನಲ್ಲಿ ನಮ್ಮ ಹಿಂದೆಯೇ ಬಂದಿದ್ದರು. ಬಾಗಿದ ಕಂಬವನ್ನೂ ದಾರಿಯಲ್ಲಿ ನೋಡಿರಬೇಕು. ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ಭುಜ ಮುಟ್ಟಿ ನೋಡಿದರು.

ಅಣ್ಣ ಕೇಳಿದ, "ನನ್ನದು ಸುಳ್ಳು ಅಂತ ಗೊತ್ತಿತ್ತಲ್ಲ ನಿಮಗೆ?"

ಗಿವಿ ತಮ್ಮ ಕಿವಿಯ ತುದಿ ಹಿಡಿದು ತೋರಿಸಿದರು.

"ಮತ್ತೆ ಹೋಗು ಅಂತ ಯಾಕೆ ಹೇಳಿದಿರಿ?"

ಗಿವಿ ಇಂಗ್ಲಿಷ್ ಪದಗಳನ್ನು ಹುಡುಕಿದರು. "ನೀನು ಹೋಗುವುದಿಲ್ಲ ಎಂದುಕೊಂಡೆ. ನಾನೂ ಸುಳ್ಳು ಹೇಳಿದೆ," ಎಂದು ವ್ಯಾನಿನ ಬಾಗಿಲು ತೆರೆದರು. "ನನಗೆ ಅದು ಬರುವುದಿಲ್ಲ."

ಎಂದೂ ಸುಳ್ಳು ಆಡದ ಮನುಷ್ಯ ಆಡಿದ ಒಂದೇ ಒಂದು ಸುಳ್ಳು. ಅದನ್ನು ನನ್ನ ಅಣ್ಣ ತನ್ನ ಶಾಸ್ತ್ರದ ಪ್ರಕಾರ ಸತ್ಯವೆಂದು ನಂಬಿದ್ದ. ಈ ಇಬ್ಬರು ಗಂಡಸರ ನಡುವೆ ನಾನೂ ಅಶ್ರಫನೂ ಎರಡು ಅಕ್ರೋಟುಗಳ ಹಾಗೆ ಪಣಕ್ಕೆ ಬಿದ್ದಿದ್ದೆವು.

ಗಿವಿ ಮೂವರನ್ನೂ ಹಿಂದೆ ಕೂರಿಸಿದರು. ಮುಂದಿನ ಸೀಟು ಖಾಲಿ ಇತ್ತು. ಟಿಬಿಲಿಸಿಯವರೆಗೆ ಒಂದು ಲಾರಿಯನ್ನೂ ದಾಟಲಿಲ್ಲ. ವಿಮಾನ ತಪ್ಪಿತು.

ಮತ್ತೆ ಬಂಟ್ವಾಳ

ಅಣ್ಣ ಮ್ಯಾನೇಜರ್ ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ, ಕೆಂಪು ಕಣ್ಣು ಬಿಟ್ಟುಕೊಂಡು ಆಫೀಸಿಗೆ ಹೋದ. ಮ್ಯಾನೇಜರ್ ಅವನ ಮುಖ ನೋಡಿ ಗಾಬರಿಯಾಗಿ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದನಂತೆ. ಕೆಲಸ ಉಳಿಯಿತು. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇವನಿಗೆ ಎಲೆ ಬರುತ್ತಲೇ ಇದ್ದರೆ ಇವನು ನಿಲ್ಲಿಸುವುದು ಯಾವಾಗ?

ಮೊನ್ನೆ ರಜೆಗೆ ಬಂದಿದ್ದ. ಅಶ್ರಫನೂ ಊರಿಗೆ ಬಂದವನು ಮೆಲ್ಕಾರಿನಿಂದ ಹಲ್ವ ತಂದು ಜಗಲಿಯಲ್ಲಿ ಕುಳಿತಿದ್ದ. ಚಾವಡಿಯಲ್ಲಿ ಆಟ. ನಾನು ಅಣ್ಣನ ಹಿಂದೆ ನಿಂತಿದ್ದೆ. ಅವನ ಕೈಯಲ್ಲಿ ಎರಡು ಆಟೀನು, ನಡುವೆ ಎರಡು. ಒಂದೇ ಎಲೆ ಬಿಡಿಸಲು ಬಾಕಿ. ಆ ದಿನ ಅಪರೂಪಕ್ಕೆ ವಾಮನ ಮಾವ ಒಂದು ಹಿಡಿ ಬೀಜ ಮುಂದೆ ಇಟ್ಟಿದ್ದರು.

"ಎಂತ ಹರೀಶ, ದೂಡ್ತೀಯ?" ಎಂದರು ಮಾವ.

ಅಣ್ಣನ ಎಡಗೈ ಮೇಲೆದ್ದಿತು. ಅರ್ಧದಲ್ಲಿ ನಿಂತಿತು. ಹಿಂತಿರುಗಿ ನನ್ನನ್ನು ನೋಡಿದ. ನಾನು ಅವನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಯಾವಾಗ ಹಿಡಿದೆನೆಂದು ನನಗೆ ಗೊತ್ತಿಲ್ಲ.

ಅಣ್ಣ ಕೈ ಇಳಿಸಿ, ಎಲೆಗಳನ್ನು ಕವುಚಿ ಇಟ್ಟ. "ಇಲ್ಲ ಮಾವ. ನೀವು ತೆಗೆದುಕೊಳ್ಳಿ."

ಮಾವ ನಂಬಲಿಲ್ಲ. ಏನು ಬರಲಿಕ್ಕಿತ್ತು ಎಂದು ನೋಡುವ ಆಸ್ಥೆಯಿಂದ ಮೇಲಿನ ಎಲೆಯನ್ನು ತಾವೇ ತೆಗೆದು ನಡುವೆ ಹಾಕಿದರು. ಆಟೀನಿನ ರಾಣಿ.

ಅಣ್ಣ ಅದನ್ನೇ ನೋಡುತ್ತಾ ಕುಳಿತ. "ಬರ್ತಿತ್ತು ಸುಮಾ," ಎಂದ.

"ಬರಲಿ," ಎಂದೆ.